ಪ್ಯಾರಾಚೂಟಿನ ನಡುವಿನ ತೂತು

ಮಗಳು ರಾಕೆಟ್ ಹಾರಿಸುತ್ತಾಳೆ ಎಂದರೆ, ಹಾಸನದ ನಮ್ಮ ಬೀದಿಯವರು ದೀಪಾವಳಿ ಇನ್ನೂ ದೂರವಿದೆಯಲ್ಲ ಅನ್ನುತ್ತಾರೆ. ಇದು ಆ ರಾಕೆಟ್ಟಲ್ಲ. ಅವಳ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಸೇರಿ ಕಟ್ಟುವ, ನನಗಿಂತ ಎತ್ತರದ, ಅನುಮತಿ ಪಡೆದು ಬಯಲಿನಲ್ಲೇ ಹಾರಿಸಬೇಕಾದ ಮಾದರಿ ರಾಕೆಟ್. ಮೇಲೆ ಹೋಗಲು ಅದಕ್ಕೆ ಮೋಟರಿದೆ. ನಮ್ಮ ಮನೆಯ ತಲೆನೋವೆಲ್ಲ ಅದು ಕೆಳಗೆ ಬರುವುದರದು. ಮುಂದಿನ ದರ್ಜೆಯ ರಾಕೆಟ್ ಹಾರಿಸಲು ಮಗಳಿಗೆ ಸರ್ಟಿಫಿಕೇಟ್ ಬೇಕಿತ್ತು. ಅದು ಸಿಗಬೇಕಾದರೆ ರಾಕೆಟ್ ಮತ್ತೆ ಹಾರುವ ಸ್ಥಿತಿಯಲ್ಲಿ ಪರೀಕ್ಷಕರ ಕೈ ಸೇರಬೇಕು. ಹಿಂದಿನ ಸಲ ರೆಕ್ಕೆ ಮುರಿದುಕೊಂಡು ಬಂದಿತ್ತು. ಈ ಸಲವೂ ಹಾಗಾದರೆ, ಅವಳ ಓದು ಮುಗಿಯುವುದರೊಳಗೆ ಇನ್ನೊಂದು ಅವಕಾಶವಿರಲಿಲ್ಲ.

ಹಾಗಾಗಿ ಒಂದು ಭಾನುವಾರ ನಡುಮನೆಯಲ್ಲಿ ಮೂರು ಪ್ಯಾರಾಚೂಟುಗಳನ್ನು ಹರಡಿ, ಮದುವೆಯ ಸೀರೆ ಆರಿಸುವಂತೆ ಎಲ್ಲರೂ ಸುತ್ತ ಕುಳಿತೆವು. ದೊಡ್ಡದಾದರೆ ಮೆತ್ತಗೆ ಇಳಿಯುತ್ತದೆ, ಆದರೆ ಗಾಳಿ ಎಲ್ಲೆಲ್ಲಿಗೋ ಒಯ್ಯುತ್ತದೆ. ಚಿಕ್ಕದಾದರೆ ಹತ್ತಿರವೇ ಬೀಳುತ್ತದೆ, ಆದರೆ ಜೋರಾಗಿ ಬೀಳುತ್ತದೆ. ಹೊಳೆನರಸೀಪುರದ ಕಚೇರಿಯೊಂದರಲ್ಲಿ ಕೆಲಸ ಮಾಡುವ ನಮ್ಮ ಯಜಮಾನರಿಗೆ ಎಲ್ಲದರಲ್ಲೂ ಒಂದು ಸೈಜು ದೊಡ್ಡದೇ ಇಷ್ಟ.

"ದೊಡ್ಡದೇ ಇರ್ಲಿ. ಬೆಳೆಯೋ ಮಕ್ಕಳಿಗೆ ಬಟ್ಟೆ ತಗೊಳ್ಳಲ್ವಾ?"

"ರಾಕೆಟ್ ಬೆಳೆಯಲ್ಲ ಅಪ್ಪ," ಎಂದಳು ಮಗಳು.

ಅವಳು ಆರಿಸಿದ್ದು ಮಧ್ಯಮ ಅಳತೆಯ ಕೆಂಪನೆಯದು. ಅದರ ನೆತ್ತಿಯಲ್ಲಿ ಒಬ್ಬಟ್ಟಿನಗಲದ ದುಂಡನೆಯ ತೂತು. ಅದರಿಂದ ಗಾಳಿ ಸ್ವಲ್ಪ ಹೊರಹೋದರೆ ಪ್ಯಾರಾಚೂಟು ತೂಗಾಡದೆ ನೇರ ಇಳಿಯುತ್ತದಂತೆ. ಅರಕಲಗೂಡಿನ ಕಡೆಯವರಾದ ನಮ್ಮತ್ತೆ ಆ ತೂತಿನೊಳಗೆ ಕೈ ತೂರಿಸಿ ನೋಡಿದರು.

"ಹೊಸಾ ಬಟ್ಟೆಲಿ ತೂತ? ಅಂಗಡಿಯೋನು ನಿಂಗೆ ಟೋಪಿ ಆಕವ್ನೆ ಕಣವ್ವ."

"ಅದು ಇರ್ಲೇಬೇಕು ಅಜ್ಜಿ."

ಅತ್ತೆ ಸುಮ್ಮನಾದರು. ಅವರು ಸುಮ್ಮನಾದರೆ ಒಪ್ಪಿದರು ಎಂದು ಈ ಮನೆಯಲ್ಲಿ ಇಷ್ಟು ವರ್ಷ ಬಾಳಿದ ನಾನೇ ನಂಬಿದೆ.

ಹಾರಿಸುವ ದಿನ ಪುಳಿಯೋಗರೆ, ಜಮಖಾನ ಕಟ್ಟಿಕೊಂಡು ಚನ್ನರಾಯಪಟ್ಟಣದ ಕಡೆಯ ಬಯಲಿಗೆ ಎಲ್ಲರೂ ಹೋದೆವು. ಇನ್ನೇನು ಸರದಿ ಬಂತು ಅನ್ನುವಾಗ ಮಗಳು ಪ್ಯಾರಾಚೂಟು ಮಡಿಸಲು ಬಿಡಿಸಿದಳು. ತೂತಿರಲಿಲ್ಲ. ಅದರ ಜಾಗದಲ್ಲಿ ಗಿಳಿಹಸಿರು ರವಿಕೆ ಕಣದ ತೇಪೆ.

"ಅಮ್ಮ, ಬಿಚ್ಚೋಕಾಗುತ್ತಾ?"

ನಾನು ಬೆರಳಾಡಿಸಿ ನೋಡಿದೆ. ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದ ಸಿಸ್ಟರ್ ಕಂಡಿದ್ದರೆ ಅತ್ತೆಯ ಬೆನ್ನು ತಟ್ಟುತ್ತಿದ್ದರು. ಒಂದರ ಬಾಲಕ್ಕೆ ಒಂದು ಕಚ್ಚಿಕೊಂಡ ಹೊಲಿಗೆ. ಎಳೆದರೆ ತೆಳು ನೈಲಾನೇ ಹರಿಯುತ್ತಿತ್ತು; ಕತ್ತರಿ ಹುಡುಕಲು ಹೊತ್ತಿರಲಿಲ್ಲ. "ಆಗಲ್ಲ ಕಂದ," ಎಂದೆ.

"ನಾಕ್ ಜನ ನೋಡೋ ಜಾಗ," ಎಂದರು ಅತ್ತೆ, ಎತ್ತಲೋ ನೋಡುತ್ತ. "ತೂತ್ ಬಟ್ಟೆ ಕಳ್ಸವ್ರೆ ಅನ್ಬಾರ್ದಲ್ಲ."

ಮಗಳು ತೇಪೆಯ ಸಮೇತ ಮಡಿಸಿ ಕೊಳವೆಯೊಳಗೆ ತುರುಕಿದಳು.

ರಾಕೆಟ್ ಚೆನ್ನಾಗಿಯೇ ಹೋಯಿತು. ಪ್ಯಾರಾಚೂಟೂ ಬಿಚ್ಚಿಕೊಂಡಿತು. ಆಮೇಲೆ ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತ, ಇಳಿಯುವ ಆತುರವೇ ಇಲ್ಲದೆ, ಬಯಲು ದಾಟಿ ಪಕ್ಕದ ತೋಟದ ಎಳೆಯ ತೆಂಗಿನ ಮರವೊಂದಕ್ಕೆ ಸಿಕ್ಕಿಕೊಂಡಿತು. ಒಂದು ಗರಿಗೆ ಬಟ್ಟೆ, ಅದರ ಕೆಳಗೆ ನೇತಾಡುವ ರಾಕೆಟ್.

"ಕೈಗೆ ಬರಬೇಕಮ್ಮ," ಎಂದರು ಪರೀಕ್ಷಕರು ಮಗಳಿಗೆ. ಮಣ್ಣಿನ ಬಯಲಿಗೆ ಬಿಳಿ ಬೂಟು ಹಾಕಿಕೊಂಡು ಬಂದಿದ್ದ ಮೆದುಮಾತಿನ ಮನುಷ್ಯ. "ಬಟ್ಟೆ ಹರಿದಿದ್ರೂ ಪಾಸ್ ಮಾಡೋಕಾಗಲ್ಲ."

ತೋಟದವನು ಉದ್ದನೆಯ ದೋಟಿ ತಂದ. ಅದರ ತುದಿಗೆ ಕುಡುಗೋಲು.

"ಎಳುದ್ರೆ ಬಟ್ಟೆ ಸೀಳ್ತದೆ ಸಾ. ಮರ ಅತ್ತೋನು ಕಟ್ಟಾಯದ್ ಕಡೀಕೆ ಓಗವ್ನೆ, ನಾಳೀಕೆ ಬತ್ತಾನೆ."

ಪರೀಕ್ಷಕರು ಸಂಜೆಯೇ ಊರಿಗೆ ಹೊರಡುವವರು. ಮಗಳು ಮರದ ಬುಡಕ್ಕೆ ಹೋಗಿ ಕತ್ತೆತ್ತಿ ನಿಂತಳು.

"ಬಟ್ಟೆಗ್ಯಾಕ್ ಆಕ್ತೀಯಪ್ಪ, ಗರಿಗಾಕು," ಎಂದರು ಅತ್ತೆ.

"ಹಸಿ ಗರಿ ಕಣಜ್ಜಿ. ಹಸೀದ್ ಯಾರಾರ ಕೂಯ್ತಾರಾ?"

"ನಿನ್ ಮಗಳ ಪರೀಕ್ಸೆ ಆಗಿದ್ರೆ?"

ಅವನು ಮಗಳ ಮುಖ ನೋಡಿದ. ನಿಟ್ಟುಸಿರು ಬಿಟ್ಟು ದೋಟಿ ಎತ್ತಿದ.

ನಾವು ಜಮಖಾನ ಬಿಡಿಸಿ ಹಿಡಿದೆವು. ಒಂದು ಮೂಲೆ ಯಜಮಾನರು, ಒಂದು ಮಗಳು, ಒಂದು ನಾನು. ನಾಲ್ಕನೆಯದು ನೆಲಕ್ಕೆ ಜೋತಾಡುತ್ತಿತ್ತು. ಪರೀಕ್ಷಕರು ಒಮ್ಮೆ ಸುತ್ತ ನೋಡಿ, ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡು ಆ ಮೂಲೆ ಹಿಡಿದರು. ಗರಿ, ಪ್ಯಾರಾಚೂಟು, ರಾಕೆಟ್ ಎಲ್ಲ ಒಟ್ಟಿಗೆ ಬಂದು ನಮ್ಮ ನಡುವೆ ಬಿದ್ದವು.

ಅವರು ರೆಕ್ಕೆಗಳನ್ನು ಒಂದೊಂದಾಗಿ ಅಲ್ಲಾಡಿಸಿದರು, ದಾರಗಳನ್ನು ಎಳೆದು ನೋಡಿದರು, ತೇಪೆಯ ಮೇಲೆ ಅವರ ಕಣ್ಣು ಸ್ವಲ್ಪ ಹೆಚ್ಚು ಹೊತ್ತೇ ನಿಂತಿತು. ಕೊನೆಗೆ ಮಗಳ ಕೈ ಕುಲುಕಿದರು.

"ಪಾಸಾದ್ಲಾ ಸಾ?" ಕೇಳಿದರು ಅತ್ತೆ.

"ಆದ್ಲು ಅಜ್ಜಿ."

"ಆ ತೂತ್ ನಾನು ಮುಚ್ದೆ ಬುಟ್ಟಿದ್ರೆ?"

ಪರೀಕ್ಷಕರು ಮಗಳನ್ನೊಮ್ಮೆ ನೋಡಿದರು. "ಅಷ್ಟು ದೂರ ಹೋಗ್ತಿರಲಿಲ್ಲ," ಎಂದರು, ಬಹಳ ಮರ್ಯಾದೆಯಿಂದ.

ಕಾರು ಹತ್ತುವಾಗ ಅತ್ತೆ ಮಗನಿಗೆ ಹೇಳಿದರು: "ಕೇಳುಸ್ಕಂಡೇನ್ಲಾ? ಅಷ್ಟ್ ದೂರ ಓಗಿದ್ದು ನನ್ ತ್ಯಾಪೆಯಿಂದ."

ಮಗಳು ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡು, ಅಜ್ಜಿಗೆ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟಳು.