ಡಬ್ಬಿಯಲ್ಲಿ ಉಳಿದ ಮಾತ್ರೆಗಳು

ಬೀದಿಯ ಮೂಲೆಯಲ್ಲಿ ಇಸ್ತ್ರಿ ಮಾಡುವ ಅವಳನ್ನು ಎಲ್ಲರೂ ಡಬ್ಬಿ ಅಜ್ಜಿ ಎನ್ನುತ್ತಿದ್ದರು. ಉದುರಿದ ಗುಂಡಿ, ತುಂಡು ದಾರ, ನುಂಗಿ ಮಿಕ್ಕ ಮಾತ್ರೆ, ಯಾವುದನ್ನೂ ಅವಳು ಎಸೆದವಳಲ್ಲ. ಎಲ್ಲವೂ ಮೇಜಿನ ಕೆಳಗಿನ ತಗಡಿನ ಡಬ್ಬಿಗೆ.

"ಅಜ್ಜೀ, ನಮ್ಮ ಯಜಮಾನ್ರನ್ನೂ ಸ್ವಲ್ಪ ದಿನ ಎತ್ತಿಡ್ತೀಯಾ?" ಎಂದು ಬಟ್ಟೆ ತಂದವಳು ಕೆಣಕಿದರೆ, "ಇಡ್ತೀನಿ ಕಣೇ. ಆಮೇಲೆ ನೀನೇ ವಾಪಸ್ ಕೇಳಲ್ಲ," ಎನ್ನುವಳು.

ಈ ಜೋಪಾನದ ಬುಡದಲ್ಲಿ ಒಂದು ಸಂಕಟವಿತ್ತು. ಮಗಳ ಚೊಚ್ಚಲ ಕೂಸು ಭೇದಿಯಾಗಿ ತೀರಿಕೊಂಡಾಗ ಮನೆಯಲ್ಲಿ ಒಂದು ಮಾತ್ರೆಯೂ ಇರಲಿಲ್ಲ. ಈಗಿನ ಮೊಮ್ಮಗಳು ಎರಡನೆಯವಳು, ಆಗಷ್ಟೇ ಹೆಜ್ಜೆ ಇಡಲು ಕಲಿತವಳು. ಮಗಳು ಕಾರ್ಖಾನೆಗೆ ಹೋದರೆ ಸಂಜೆಯವರೆಗೂ ಮಗು ಅಜ್ಜಿಯ ಜೊತೆಗೇ.

ಒಮ್ಮೆ ಅದಕ್ಕೂ ಭೇದಿ ಹತ್ತಿತು. ಆಸ್ಪತ್ರೆಯ ನರ್ಸಮ್ಮ ಓಆರ್‌ಎಸ್ ಪೊಟ್ಟಣಗಳ ಜೊತೆ ಜಿಂಕ್ ಮಾತ್ರೆಯ ಹಾಳೆಯೊಂದನ್ನು ಕೊಟ್ಟು, "ದಿನಕ್ಕೊಂದು, ಚಮಚ ನೀರಲ್ಲಿ ಕರಗಿಸಿ ಕುಡಿಸಿ. ಭೇದಿ ನಿಂತ್ರೂ ನಿಲ್ಲಿಸ್ಬೇಡಿ. ಹಾಳೆ ಖಾಲಿ ಆಗ್ಬೇಕು," ಎಂದಳು.

ಭೇದಿ ಬೇಗ ನಿಂತಿತು. ಮಗು ನಕ್ಕಿತು. ಹಾಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಾತ್ರೆಗಳು ಉಳಿದಿದ್ದವು. ಅಜ್ಜಿಯ ಕೈ ತಾನಾಗಿಯೇ ಡಬ್ಬಿಯತ್ತ ಹೋಯಿತು. ಗುಣವಾದ ಮಗುವಿಗೆ ಸುಮ್ಮನೆ ಯಾಕೆ ಸುರಿಯುವುದು? ಮುಂದಿನ ಸಲದ ಆಪತ್ತಿಗೆ ಇರಲಿ.

"ಮಾತ್ರೆ ಕೊಟ್ಯಾ ಅಮ್ಮಾ?" ಎಂದು ಮಗಳು ಕೇಳಿದಾಗಲೆಲ್ಲ "ಹ್ಞೂಂ" ಎಂದಳು.

ಮುಂದಿನ ಸಲ ಬಹಳ ಕಾಯಿಸಲಿಲ್ಲ. ಮರು ತಿಂಗಳೇ ಮತ್ತೆ ಭೇದಿ ಶುರುವಾಯಿತು. ಅಜ್ಜಿ ಹೆದರಲಿಲ್ಲ, ಡಬ್ಬಿಯಲ್ಲಿ ಮದ್ದಿತ್ತಲ್ಲ! ಓಆರ್‌ಎಸ್ ಮುಗಿದಿತ್ತು. ಹೋದ ಸಲ ಭೇದಿ ನಿಲ್ಲಿಸಿದ್ದು ಮಾತ್ರೆಯೇ ಎಂದು ನಂಬಿ, ಒಂದನ್ನು ಕರಗಿಸಿ ಕುಡಿಸಿ, ಈಗ ನಿಲ್ಲುತ್ತದೆ, ಇನ್ನೇನು ನಿಲ್ಲುತ್ತದೆ ಎಂದು ಕಾದಳು. ಸಂಜೆ ಮಗಳು ಬಂದಾಗ ಮಗುವಿನ ಕಣ್ಣುಗಳು ಗುಳಿಬಿದ್ದಿದ್ದವು. ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ. ಪಕ್ಕದಲ್ಲೇ ಹಳೆಯ ಹಾಳೆ ಬಿದ್ದಿತ್ತು.

"ಇದು ಇನ್ನೂ ಯಾಕಿದೆ?" ಎಂದಳು ಮಗಳು.

ಅಜ್ಜಿ ಹಾಳೆಯನ್ನು ಸೆರಗಿನಡಿ ಸರಿಸಿದಳು.

ಆಸ್ಪತ್ರೆಯಲ್ಲಿ ಮಗುವಿಗೆ ಗ್ಲುಕೋಸ್ ಬಾಟಲಿ ಹಾಕಿದ ಮೇಲೆ ನರ್ಸಮ್ಮ ಗದರಲಿಲ್ಲ. "ನೀರು ತುಂಬೋಕೆ ಓಆರ್‌ಎಸ್ಸೇ ಬೇಕು ಅಜ್ಜಿ. ಆ ಮಾತ್ರೆ ಪೂರ್ತಿ ಕುಡಿಸಿ ಅಂದಿದ್ದು, ಮುಂದೆ ಭೇದಿ ಮತ್ತೆ ಮತ್ತೆ ಬರೋದು ಕಮ್ಮಿ ಆಗ್ಲಿ ಅಂತ," ಎಂದಳು. ಗದರಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅಜ್ಜಿಗೆ. ಮುಂದಿನ ಸಲ ಬರದಿರಲಿ ಎಂದು ಕೊಟ್ಟಿದ್ದನ್ನೇ ತಾನು ಮುಂದಿನ ಸಲಕ್ಕೆಂದು ಎತ್ತಿಟ್ಟಿದ್ದಳು.

ಮಗು ಉಳಿಯಿತು, ಎಳೆ ದಾರದಂತಾಗಿ ಮನೆಗೆ ಬಂತು. ಹೊಸ ಹಾಳೆಯನ್ನು ಮಗಳು ತನ್ನ ಚೀಲದಲ್ಲೇ ಇಟ್ಟುಕೊಂಡಳು. ಬೆಳಿಗ್ಗೆ ತಾನೇ ಮಾತ್ರೆ ಕರಗಿಸಿ ಕುಡಿಸಿ, ಮಗುವನ್ನು ಎದುರು ಮನೆಯವಳ ಕೈಗೆ ಕೊಟ್ಟು ಕೆಲಸಕ್ಕೆ ಹೋಗುತ್ತಾಳೆ. ಅಮ್ಮನಿಗೆ ಒಂದು ಬಿರುಸು ಮಾತನ್ನೂ ಆಡಿಲ್ಲ.

ಆ ಮನೆಯಿಂದ ಅಳು ಕೇಳಿದಾಗ ಅಜ್ಜಿ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಹಿಡಿದು, ಅಳು ನಿಲ್ಲುವವರೆಗೂ ಹಾಗೇ ನಿಂತಿರುತ್ತಾಳೆ.