ಕೇಳುವುದಕ್ಕೆ ಎರಡು ಅಂಕ

ಸುಜಾತಾ ಮ್ಯಾಡಮ್‌ಗೆ ಸಿಟ್ಟು ಬಂದರೆ ಕೈಯಲ್ಲಿನ ಪೆನ್ನು ಟಕಟಕ ಅನ್ನತೊಡಗುತ್ತದೆ. ಚಿಕ್ಕೋಡಿಯ ನರ್ಸಿಂಗ್ ಶಾಲೆಯೊಂದರಲ್ಲಿ ಹದಿನೆಂಟು ವರ್ಷದಿಂದ ಕಲಿಸುತ್ತಿದ್ದಾಳೆ. ಪೆನ್ನಿಗೆ ಇವತ್ತಿನವರೆಗೂ ಬಿಡುವು ಸಿಕ್ಕಿಲ್ಲ. ಕಾರಣಗಳೇನು ಕಡಿಮೆಯೇ? ಕೊನೆಯ ವರ್ಷದ ಹುಡುಗಿಯರ ಲಾಗ್‌ಬುಕ್ ತೆರೆದರೆ ಸಾಕು. ವಾರ್ಡಿನಲ್ಲಿ ಆರೇ ಜನ ರೋಗಿಗಳಿದ್ದ ದಿನ ಒಬ್ಬೊಬ್ಬಳೂ ಇಪ್ಪತ್ತು ಇಂಜೆಕ್ಷನ್ ಕೊಟ್ಟಿದ್ದೇನೆಂದು ಬರೆದಿರುತ್ತಾಳೆ.

"ಹಂಗಾದ್ರ ಆ ಆರು ಮಂದಿ ಇಷ್ಟೊತ್ತಿಗೆ ಜರಡಿ ಆಗಿರಬೇಕಲ್ಲ" ಎಂದು ಅವಳು ಕೇಳಿದರೆ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಸರಿಯುತ್ತಾರೆ. ಪ್ರಿನ್ಸಿಪಾಲರದ್ದು ಬೇರೆಯೇ ರಾಗ. "ಸಹಿ ಮಾಡಿಬಿಡ್ರಿ ಮ್ಯಾಡಮ್. ನೂರಕ್ಕ ನೂರು ರಿಸಲ್ಟ್ ಬರಬೇಕು."

ಸುಜಾತಾ ನಿಪ್ಪಾಣಿಯವಳು. ಅಪ್ಪ ನಾಮದೇವ ತಂಬಾಕಿನ ವಖಾರಿಯಲ್ಲಿ ಮೂಟೆ ಹೊರುವ ಹಮಾಲಿ ಮಾಡಿ ಮಗಳನ್ನು ಓದಿಸಿದ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಎರಡೂ ಅವಳಿಗೆ ಒಂದೇ ಸಲೀಸು. ಅವಳು ಕಲಿಯುವಾಗ ವಾರ್ಡಿನ ಹಿರಿಯ ಸಿಸ್ಟರ್ ಪುಸ್ತಕ ಮುಟ್ಟಿದವಳಲ್ಲ. ಮೊದಲು ಮಾತಾಡಿಸು, ಆಮೇಲೆ ಮೈ ಮುಟ್ಟು ಎನ್ನುತ್ತಿದ್ದಳು. ಪರೀಕ್ಷೆ ಎಂದರೆ ಅಷ್ಟೇ ಇತ್ತು.

ಈಗಿನ ಸುಳ್ಳು ಲಾಗ್‌ಬುಕ್ಕುಗಳಿಂದ ಬೇಸತ್ತು ಅವಳು ಹೋದ ವರ್ಷ ತಾನೇ ಕೂತು ಒಂದು ಶೀಟು ಬರೆದಳು. ರೋಗಿಯ ಮುಂದೆ ಮಾಡಿ ತೋರಿಸಬೇಕಾದ ಇಪ್ಪತ್ತೈದು ಕೆಲಸ, ಒಂದೊಂದಕ್ಕೆ ಎರಡು ಅಂಕ, ಪಾಸಾಗಲು ಇಪ್ಪತ್ತೈದು ಬೇಕು. ಯಾರಿಗೂ ನೆಪ ಸಿಗಬಾರದೆಂದು ಕನ್ನಡದಲ್ಲೇ ಬರೆದಿದ್ದಳು. ಕಣ್ಣೆದುರು ಮಾಡಿದ್ದಕ್ಕೆ ಮಾತ್ರ ಟಿಕ್, ಮಾಡದಿದ್ದರೆ ಸೊನ್ನೆ. ಆ ಶೀಟಿನ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಈ ವರ್ಷದ ಪರೀಕ್ಷೆಗೆ ಹೊರಗಿನಿಂದ ಬಂದವರು ಶಿವರಾಜ ಸರ್. ಕೆಟ್ಟವರಲ್ಲ, ಆದರೆ ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡುವ ಮನುಷ್ಯ. ಸುಜಾತಾ ಟಿಕ್ ಹಾಕಬೇಕು, ಟಿಕ್ ಇಲ್ಲದ ಸಾಲಿಗೆ ಅವರು ಸೊನ್ನೆ ಹಾಕಿ ಕೂಡಿಸಬೇಕು, ಕೊನೆಗೆ ಇಬ್ಬರೂ ಸಹಿ ಮಾಡಬೇಕು. ಸಲೈನ್ ಹಚ್ಚಿದ ರೋಗಿಯನ್ನು ನೋಡಿಕೊಳ್ಳುವುದು ಅಂದಿನ ವಿಷಯ. ರೋಗಿ ಅಕ್ಕುತಾಯಿ, ನಿಪ್ಪಾಣಿ ಕಡೆಯ ಹಳ್ಳಿಯ ಮುದುಕಿ, ಮರಾಠಿ ಬಿಟ್ಟು ಬೇರೆ ಬಾರದು.

ಮೊದಲು ಬಂದವಳು ಕೋಮಲ, ರಾಯಬಾಗ ತಾಲೂಕಿನ ಪಾಲಬಾವಿಯ ಕಬ್ಬಿನ ಮನೆತನದ ಹುಡುಗಿ, ಕನ್ನಡವಷ್ಟೇ ಬಲ್ಲವಳು, ತರಗತಿಗೇ ಮುಂದು. ಕೈ ತೊಳೆದಳು, ಹೆಸರು ಹೇಳಿದಳು, ಬಾಟಲಿಯ ಚೀಟಿ ಓದಿದಳು, ಗಡಿಯಾರ ಹಿಡಿದು ಹನಿ ಎಣಿಸಿದಳು. ಬಾಯಿಪಾಠ ಒಪ್ಪಿಸಿದಷ್ಟು ಚೊಕ್ಕ. ಸುಜಾತಾಳ ಪೆನ್ನು ಶೀಟಿನ ಮೇಲೆ ಸರಸರ ಇಳಿಯಿತು.

"ಏನರ ತ್ರಾಸ ಐತೇನ್ರಿ, ಅಜ್ಜಿ?"

"ಆಗ..." ಎಂದಳು ಅಕ್ಕುತಾಯಿ ಕ್ಷೀಣ ದನಿಯಲ್ಲಿ. "ಲಯ್ ಆಗ."

"ಆಗ ಇತ್ತಂತ್ರಿ ಮ್ಯಾಡಮ್. ಈಗ ಇಲ್ಲಂತ." ಕೋಮಲ 'ತೊಂದರೆ ಇಲ್ಲ' ಎಂದು ಬರೆದಳು. ಸುಜಾತಾ ತಲೆ ಎತ್ತದೆ ಟಿಕ್ ಹಾಕಿದಳು. ಐವತ್ತಕ್ಕೆ ನಲವತ್ತೆಂಟು ಬಂತು.

ಎರಡನೆಯವಳು ಕಾಗವಾಡ ಕಡೆಯ ಪೂನಮ. ಹಿಂದಿನ ಸಲ ಇದೇ ಪರೀಕ್ಷೆಯಲ್ಲಿ ಬಿದ್ದವಳು. ಮೀರಜದ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕೆಲಸ ಕಾದಿತ್ತು. ಈ ತಿಂಗಳು ಪಾಸಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಬರುವಾಗಲೇ ಗಾಬರಿಯಾಗಿದ್ದಳು. ಹೆಸರು ಹೇಳುವುದನ್ನು ಮರೆತಳು, ಬಾಟಲಿಯ ಚೀಟಿ ಓದಲಿಲ್ಲ. ಅಯ್ಯೋ ದೇವರೇ, ಈ ಹುಡುಗಿ ಮತ್ತೆ ಬಿದ್ದಳು ಎಂದು ಸುಜಾತಾಳ ಪೆನ್ನು ಟಕಟಕ ಶುರುಮಾಡಿತು.

ಪೂನಮ ಹನಿ ಎಣಿಸಲು ಗಡಿಯಾರ ತೆಗೆಯುತ್ತಿದ್ದಾಗ ಮುದುಕಿ ಮತ್ತೆ "ಆಗ" ಎಂದಳು. ಪೂನಮಳ ಗಾಬರಿ ಅಲ್ಲಿಗೇ ನಿಂತಿತು. ಗಡಿಯಾರ ಜೇಬಿಗೆ ಹಾಕಿ, ಸಲೈನ್ ಬಂದ್ ಮಾಡಿ, ಕೈಗೆ ಸುತ್ತಿದ ಪಟ್ಟಿ ಬಿಚ್ಚಿದಳು. ಮುಂಗೈ ಬೋಂಡಾದ ಹಾಗೆ ಉಬ್ಬಿತ್ತು. ಸೂಜಿ ನರದಿಂದ ಜಾರಿ, ನೀರೆಲ್ಲ ಚರ್ಮದ ಕೆಳಗೆ ಇಳಿದಿತ್ತು.

"ಮ್ಯಾಡಮ್, ಕೈ ಉರ್ಯಾಕತ್ತೈತಿ ಅಂತಾರ್ರಿ" ಎಂದಳು.

ಮರಾಠಿಯಲ್ಲಿ ಆಗ ಎಂದರೆ ಉರಿ, ಲಯ್ ಎಂದರೆ ಬಹಳ. ಗಡಿಯಂಚಿನ ಊರುಗಳ ಯಾವ ಮಗುವಿಗೂ ಗೊತ್ತಿರುವ ಮಾತು. ಪೂನಮ ಸೂಜಿ ತೆಗೆದು, ಕೈಯನ್ನು ದಿಂಬಿನ ಮೇಲೆ ಎತ್ತಿ ಇಟ್ಟು, ಡ್ಯೂಟಿ ಸಿಸ್ಟರನ್ನು ಕರೆಯಲು ಓಡಿದಳು. ಅಷ್ಟರಲ್ಲಿ ಸಮಯ ಮುಗಿಯಿತು.

ಗಡಿಬಿಡಿಯಲ್ಲಿ ಟಿಕ್ ಬೀಳದೆ ಉಳಿದ ಸಾಲಿಗೆಲ್ಲ ಸೊನ್ನೆ ಹಾಕಿ ಶಿವರಾಜ ಸರ್ ಕೂಡಿಸಿದರು. "ಇಪ್ಪತ್ನಾಲ್ಕು. ಫೇಲ್."

"ಸರ್, ಇಲ್ಲಿ ಹನಿ ಎಣಿಸಿಲ್ಲ ಅಂತ ಸೊನ್ನಿ ಹಾಕೀರಿ. ಬಂದ್ ಮಾಡಿದ ಸಲೈನಿನ ಹನಿ ಹ್ಯಾಂಗ ಎಣಿಸಬೇಕ್ರಿ?"

"ಅದು ನನಗ ಗೊತ್ತಿಲ್ರಿ. ಶೀಟು ಬರದವ್ರು ನೀವು. ಬಂದ್ ಮಾಡಿದ್ದಕ್ಕ ಇದರಾಗ ಜಾಗಾನ ಇಲ್ಲ."

ಸುಜಾತಾಳ ಮೈಯೆಲ್ಲ ಉರಿದುಹೋಯಿತು. ಅವರ ಮಾತಿಗಲ್ಲ, ಅದು ನಿಜವಾಗಿದ್ದುದಕ್ಕೆ. ಇಪ್ಪತ್ತೈದು ಸಾಲಿನಲ್ಲಿ ಎಲ್ಲ ಸರಿಯಿರುವ ರೋಗಿಗೆ ಮಾಡುವುದನ್ನೆಲ್ಲ ಬರೆದಿದ್ದಳು. ಏನೋ ಕೆಟ್ಟರೆ ಮಾಡುವುದನ್ನು ಬರೆಯಲು ಮರೆತಿದ್ದಳು. ಶೀಟು ಕಿತ್ತುಕೊಂಡು ಮತ್ತೆ ಓದಿದಳು. ಒಂಬತ್ತನೆಯ ಸಾಲಿಗೆ ಬೆರಳು ನಿಂತಿತು. 'ರೋಗಿಯ ತೊಂದರೆ ಕೇಳುವುದು.' ಅಲ್ಲೂ ಸೊನ್ನೆ.

"ಇದಕ್ಯಾಕ್ರಿ ಸೊನ್ನಿ?"

"ಅಕಿ ಕೇಳಲಿಲ್ಲಲ್ರಿ. ಮುದುಕೀನ ತಾನಾಗಿ ಹೇಳಿದ್ಲು."

"ಹೇಳಿದ್ದನ್ನ ಕೇಳಿದವರು ಯಾರ್ರಿ ಮತ್ತ? ನೀವು ಕೇಳಿದ್ರೇನು?"

ಶಿವರಾಜ ಸರ್ ಪೆನ್ನು ಎತ್ತಿಕೊಂಡರು. ಸೊನ್ನೆ ಹೊಡೆದುಹಾಕಿ ಎರಡು ಬರೆದರು. ಇಪ್ಪತ್ತಾರು. ಸಿಸ್ಟರನ್ನು ಕರೆತಂದು ಗೋಡೆಗೆ ಆತು ನಿಂತಿದ್ದ ಪೂನಮ ಮುಖ ಮುಚ್ಚಿಕೊಂಡು ಅತ್ತಳು.

ಸುಜಾತಾ ಕೋಮಲಳ ಶೀಟನ್ನೂ ಎಳೆದುಕೊಂಡು ಅದೇ ಸಾಲಿನ ಟಿಕ್ ಹೊಡೆದುಹಾಕಿದಳು.

"ನಾ ಕೇಳೀನಲ್ರಿ ಮ್ಯಾಡಮ್" ಎಂದಳು ಬಾಗಿಲಲ್ಲಿ ಕಾಯುತ್ತಿದ್ದ ಕೋಮಲ. ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಪ್ರಶ್ನೆ ಕೇಳಿದಿ. ಉತ್ತರ ಕೇಳಲಿಲ್ಲ."

"ನಲವತ್ತೆಂಟಾದ್ರೇನು, ನಲವತ್ತಾರಾದ್ರೇನು" ಎಂದರು ಶಿವರಾಜ ಸರ್ ಗಡಿಯಾರ ನೋಡುತ್ತ. ಅದೂ ನಿಜವೇ. ಕೋಮಲ ಇಡೀ ಶಾಲೆಗೇ ಮೊದಲು ಬರುತ್ತಾಳೆ, ಪೂನಮ ಕೊನೆಗೆ. ಸುಜಾತಾ ಹಲ್ಲು ಕಚ್ಚಿ ಎರಡಕ್ಕೂ ಸಹಿ ಮಾಡಿದಳು.

ಮುಂದಿನ ಹುಡುಗಿಗೆ ಬೇರೆ ರೋಗಿಯನ್ನು ಹುಡುಕುವಷ್ಟರಲ್ಲಿ ಅವಳು ಅಕ್ಕುತಾಯಿಯ ಮಂಚದ ಹತ್ತಿರ ಹೋದಳು. ಊದಿದ ಕೈಯನ್ನು ಮೆಲ್ಲಗೆ ಹಿಡಿದು, ಇನ್ನೂ ಉರಿಯುತ್ತದೆಯೇ ಎಂದು ಮನೆಮಾತಿನಲ್ಲಿ ಕೇಳಿದಳು.

ಕಡಿಮೆಯಾಗಿದೆ ಎಂದಳು ಮುದುಕಿ. ಆಮೇಲೆ ಅವಳ ಮುಖವನ್ನೇ ನೋಡಿ, ದೂರುವ ದನಿಯೇನೂ ಇಲ್ಲದೆ ಮರಾಠಿಯಲ್ಲೇ ಹೇಳಿದಳು: "ಮೊದಲು ನಿನಗೇ ಹೇಳಿದೆನಲ್ಲ, ಮಗಳೇ. ಆ ಹುಡುಗಿಯರು ಬರುವ ಮೊದಲೇ. ನೀನು ಬರೆಯುತ್ತಿದ್ದೆ."