ಬಡಿದು ನೋಡುತ್ತಿದ್ದ ಬೀರಪ್ಪ ಮಾಮಾ

ಬೀರಪ್ಪ ಮಾಮಾನ ಬಲಗೈಯ ನಡುಬೆರಳಿನ ಗಂಟು ಉಳಿದ ಗಂಟುಗಳಿಗಿಂತ ದಪ್ಪಗಿತ್ತು. ಎದುರಿಗೆ ಬಂದ ಯಾವ ವಸ್ತುವನ್ನಾದರೂ ಆ ಗಂಟಿನಿಂದ ಎರಡು ಸಲ ಬಡಿದು, ತಲೆ ವಾರೆ ಮಾಡಿ ಕೇಳಿ, ಆಮೇಲೆಯೇ ಅವನು ನಂಬುತ್ತಿದ್ದ. ತೆಂಗಿನಕಾಯಿ, ಗಡಿಗೆಗಳನ್ನು ಎಲ್ಲರೂ ಬಡಿದು ನೋಡುತ್ತಾರೆ. ಇವನು ಬಾಗಿಲು ಬಡಿಯುತ್ತಿದ್ದ, ಬಸ್ಸಿನ ಸೀಟು ಬಡಿಯುತ್ತಿದ್ದ, ಡಾಕ್ಟರರ ಮೇಜನ್ನೂ ಬಿಡುತ್ತಿರಲಿಲ್ಲ. ಅನಗೋಳದ ನಮ್ಮ ಮನೆಗೆ ಕಂಪ್ಯೂಟರ್ ಬಂದ ದಿನ ಅದರ ಡಬ್ಬಿಯನ್ನು ಬಡಿದು, "ಒಳಗ ಅರ್ಧಾ ಖಾಲಿ ಐತಿ. ಇಷ್ಟ ರೊಕ್ಕ ಯಾಕ ಕೊಟ್ಟಿ?" ಎಂದ. ಸಾಲ ಮಾಡಿ ಕೊಂಡ ನನ್ನ ಕಂಪ್ಯೂಟರಿಗೆ ಸಿಕ್ಕ ಮೊದಲ ಆಶೀರ್ವಾದ ಅದು.

ಅವನು ನನ್ನ ಅವ್ವನ ತಮ್ಮ. ಖಾನಾಪುರದ ಒಂದು ಹಂಚಿನ ಕಾರಖಾನೆಯಲ್ಲಿ ಮೂವತ್ತು ವರ್ಷ ಅವನ ಕೆಲಸ ಅದೇ ಆಗಿತ್ತು. ಭಟ್ಟಿಯಿಂದ ಇಳಿದ ಹಂಚನ್ನು ಒಂದೊಂದಾಗಿ ಎತ್ತಿ, ಬಡಿದು, ಖಣ್ ಎಂದರೆ ಬಲಕ್ಕೆ, ಬದ್ ಎಂದರೆ ಎಡಕ್ಕೆ ಇಡುವುದು. ಕಣ್ಣಿಗೆ ಕಾಣದ ಒಡಕು ಅವನ ಕಿವಿಗೆ ಕೇಳುತ್ತಿತ್ತು. ಒಮ್ಮೆ ಯಾವುದೋ ಶಾಲೆಯ ಮಾಡಿಗೆ ಹಂಚು ಹೋಗಬೇಕಿತ್ತು. ಲಾರಿ ಬಂದು ನಿಂತಿತ್ತು. ಮಾಮಾ ಅರ್ಧಕ್ಕರ್ಧ ಹಂಚನ್ನು ಎಡಗಡೆಯ ರಾಶಿಗೆ ಹಾಕಿಬಿಟ್ಟಿದ್ದ. ಸಾಹುಕಾರರು ಸ್ವತಃ ಬಂದು, ಇದೊಂದು ಸಲ ಚಲೋ ಐತಿ ಅಂದುಬಿಡು ಎಂದು ಕೇಳಿಕೊಂಡರಂತೆ. ಇವನು ಎದ್ದು ನಿಂತು, ಕೈ ಕಟ್ಟಿಕೊಂಡೇ ಹೇಳಿದನಂತೆ: "ನಾ ಚಲೋ ಅಂದ್ರ ಹಂಚ ಚಲೋ ಆಗೂದಿಲ್ರೀ, ಸಾಹುಕಾರ್ರ. ಒಡಕ ಒಡಕನ."

ಅದಕ್ಕೆ ಮೂರು ತಿಂಗಳು ಅವನನ್ನು ಮಣ್ಣು ಹೊರುವ ಕೆಲಸಕ್ಕೆ ಹಾಕಿದರು. ಹೊತ್ತ. ಅವನಿಲ್ಲದೆ ಹೋದ ಎರಡು ಲಾರಿ ಮಾಲು ತಿರುಗಿ ಬಂದ ಮೇಲೆ ತಾವೇ ಕರೆದು ಹಳೆಯ ಜಾಗದಲ್ಲಿ ಕೂರಿಸಿದರು. ಈ ಕಥೆಯನ್ನು ಅವ್ವ ಕನಿಷ್ಠ ನೂರು ಸಲ ಹೇಳಿದ್ದಾಳೆ, ಪ್ರತಿ ಸಲವೂ ನಾನು ಏನಾದರೂ ಸುಳ್ಳು ಹೇಳಿ ಸಿಕ್ಕಿಬಿದ್ದಾಗ.

ಸುಳ್ಳು ಹೇಳದವರ ಜೊತೆ ಬಾಳುವುದು ಎಷ್ಟು ಕಷ್ಟ ಎಂಬುದು ಅಂಥವರು ಮನೆಯಲ್ಲಿ ಇದ್ದವರಿಗೇ ಗೊತ್ತು. ನನ್ನನ್ನು ನೋಡಲು ಬಂದ ಒಂದು ಗಂಡನ್ನು ಹತ್ತು ನಿಮಿಷ ಮಾತಾಡಿಸಿ, ಅವನು ಚಹಾ ಕುಡಿದು ಕಪ್ಪು ಇಡುವ ಮೊದಲೇ ಒಳಗೆ ಬಂದು, "ಟೊಳ್ಳ ಐತೆವ್ವಾ" ಎಂದ. ನನಗೆ ಆ ಹುಡುಗನ ಮೀಸೆ ಹಿಡಿಸಿತ್ತು. ಮಾಮಾ ಹೇಳಿದ್ದೇ ಖರೆ ಎಂದು ಆಮೇಲೆ ಗೊತ್ತಾಯಿತು, ಆದರೆ ಅದನ್ನು ಅವನ ಮುಂದೆ ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಮಾಳವ್ವ ಎಂಬ ನನ್ನ ಹೆಸರನ್ನು ನಾನು ಕಾಲೇಜಿಗೆ ಹೋದಾಗಿನಿಂದ ಮಾಲಾ ಮಾಡಿಕೊಂಡಿದ್ದೆ. ಅದನ್ನೂ ಅವನು ಒಂದು ದಿನವೂ ಒಪ್ಪಲಿಲ್ಲ.

ಅವನ ಇನ್ನೊಂದು ಹುಚ್ಚು ಕ್ಯಾಸೆಟ್ಟು. ಸೈಕಲ್ಲಿನ ಹಿಂದೆ ಟೇಪ್ ರೆಕಾರ್ಡರ್ ಕಟ್ಟಿಕೊಂಡು ಖಾನಾಪುರದ ಸುತ್ತಿನ ಊರುಗಳನ್ನೆಲ್ಲ ತಿರುಗಿ, ಕನ್ನಡ ಭಜನೆ, ಮರಾಠಿ ಭಜನೆ, ಡೊಳ್ಳಿನ ಪದ, ಬೀಸುವ ಪದ, ಏನು ಸಿಕ್ಕರೆ ಅದನ್ನು ಹಿಡಿದು ತರುತ್ತಿದ್ದ. ಎರಡು ಟ್ರಂಕು ತುಂಬಿದ್ದವು. ಅವುಗಳಲ್ಲಿ ಅವನಿಗೆ ಜೀವವಾದದ್ದು ಒಂದೇ, ಹಲಸಿಯಲ್ಲಿ ಒಂದು ಏಕಾದಶಿಯ ಬೆಳಿಗ್ಗೆ ತುಂಬಿಕೊಂಡ ಭಜನೆ. ಅದರಲ್ಲಿ ಕಂಚಿನ ತಾಳ ಬಾರಿಸಿದ್ದು ಅವನ ಅಪ್ಪ, ಎಂದರೆ ನನ್ನ ಅಜ್ಜ. ಅಜ್ಜನಿಗೆ ಹಾಡಲು ಬರುತ್ತಿರಲಿಲ್ಲ, ಮಾತೂ ಕಡಿಮೆ. ಅವನದು ಎಂದು ಈ ಲೋಕದಲ್ಲಿ ಉಳಿದ ಸದ್ದು ಆ ಕ್ಯಾಸೆಟ್ಟಿನ ತಾಳದ್ದು ಮಾತ್ರ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಕಾರಖಾನೆಯ ಕೆಲಸ ಮುಗಿಸಿ ಮನೆಯಲ್ಲಿದ್ದ ಮಾಮಾ ಒಂದು ಭಾನುವಾರ ಆ ಕ್ಯಾಸೆಟ್ಟು ಹಿಡಿದುಕೊಂಡು ಬಂದ. ಟೇಪು ಸವೆದುಹೋಗಿದೆ, ತಾಳವೇ ಕೇಳುತ್ತಿಲ್ಲ, ಪೂರ್ತಿ ಅಳಿಸಿಹೋಗುವ ಮೊದಲು ಕಂಪ್ಯೂಟರಿಗೆ ಹಾಕಿಕೊಡು ಎಂದ. ನಾನಾಗ ಮನೆಯಲ್ಲೇ ಕೂತು ಲಗ್ನಪತ್ರಿಕೆಗಳ ಅಕ್ಷರ ಜೋಡಿಸುವ ಕೆಲಸ ಮಾಡುತ್ತಿದ್ದೆ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ ಸಂಗೀತದ ಭಂಡಾರ ಕಟ್ಟುವ ಒಂದು ಸಾಫ್ಟ್‌ವೇರ್ ಇತ್ತು. ಕ್ಯಾಸೆಟ್ಟಿನ ಹಾಡನ್ನು ಒಳಗೆ ತುಂಬಿಕೊಂಡು, ಹೆಸರು ಹಚ್ಚಿ, ಸಾಲಾಗಿ ಜೋಡಿಸಿಡುತ್ತಿತ್ತು. ಪುಕ್ಕಟೆಯದು. ಆದರೆ ತೆರೆದಾಗಲೆಲ್ಲ ಒಂದು ಚೌಕಟ್ಟು ಮೂಡಿ, ಹಣ ಕೊಟ್ಟು ಪೂರ್ಣ ಆವೃತ್ತಿ ಕೊಳ್ಳುವಿರಾ, ಅಥವಾ ಆಮೇಲೆ ನೋಡುವಿರಾ ಎಂದು ಕೇಳುತ್ತಿತ್ತು.

ಹಲಸಿಯ ಭಜನೆ ತುಂಬಿಕೊಂಡು ಹಚ್ಚಿದೆ. ಮಾಮಾ ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ, "ನಮ್ಮಪ್ಪನ ತಾಳ ಎಲ್ಲಿ ಹೋತು?" ಎಂದ.

ನನಗೆ ತಾಳ ಕೇಳುತ್ತಿತ್ತು, ಮಬ್ಬಾಗಿ. ಅವನಿಗೆ ಕೇಳುತ್ತಲೇ ಇಲ್ಲ ಎಂದರೆ ಹಂಚು ಬಡಿದು ಪಳಗಿದ ಕಿವಿ, ನನ್ನದಕ್ಕಿಂತ ಸೂಕ್ಷ್ಮ ಎಂದುಕೊಂಡೆ. ಪುಕ್ಕಟೆ ಆವೃತ್ತಿಯು ಜಾಗ ಉಳಿಸಲು ಸಣ್ಣ, ಮೇಲಿನ ಸ್ವರಗಳನ್ನು ಕತ್ತರಿಸುತ್ತದೆ, ತಾಳಕ್ಕೆ ಮೊದಲು ಪೆಟ್ಟು ಬೀಳುತ್ತದೆ, ದುಡ್ಡು ಕೊಟ್ಟರೆ ಎಲ್ಲವನ್ನೂ ಪೂರಾ ಹಿಡಿದುಕೊಡುತ್ತದೆ ಎಂದು ತಿಳಿಸಿ ಹೇಳಿದೆ. ಇಪ್ಪತ್ತು ಡಾಲರು, ನಮ್ಮ ಲೆಕ್ಕದಲ್ಲಿ ಸಾವಿರದೊಳಗೆ. ಅವನ ಮುಖ ಅರಳಿತು. ಹಂಗಾದ್ರ ತಪ್ಪು ಈ ಪುಕ್ಕಟೆಯದು ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಹೌದು, ಕೊಂಡುಬಿಡೋಣವೇ ಎಂದೆ.

"ತಡಿ. ಬಡದ ನೋಡಾಕ ಅದರಾಗ ಏನ ಐತಿ? ವಿಚಾರ ಮಾಡೂಣು. ಈಗ ಆಮ್ಯಾಲ ಅನ್ನೂದನ್ನ ಒತ್ತು."

ಅಲ್ಲಿಂದ ಒಂದು ವರ್ಷ ನನ್ನ ಪ್ರಾಣ ತಿಂದ. ಪ್ರತಿ ಭಾನುವಾರ ಖಾನಾಪುರದ ಬಸ್ಸು ಹಿಡಿದು, ಬಡಿದು ಆರಿಸಿದ ಒಂದು ಗಡಿಗೆ ಬಗಲಲ್ಲಿಟ್ಟುಕೊಂಡು ಬರುವುದು, ಹಲಸಿಯ ಭಜನೆ ಕೇಳುವುದು, ತಾಳ ಎಲ್ಲಿ ಎನ್ನುವುದು, ದೊಡ್ಡದಾಗಿ ಹಚ್ಚು ಎನ್ನುವುದು. ಬಾಜೂ ಮನೆಯವರು ಕಿಟಕಿ ಮುಚ್ಚಿಕೊಳ್ಳುವಷ್ಟು ದೊಡ್ಡದಾಗಿ. ಆಮೇಲೆ, ಆ ರೊಕ್ಕದ್ದು ಕೊಳ್ಳಬೇಕೋ ಬೇಡವೋ ಎಂಬ ಪಂಚಾಯಿತಿ. ಬಸ್ಸಿನ ಕಂಡಕ್ಟರನನ್ನು ಕೇಳಿದ್ದ. ಕ್ಷೌರದವನನ್ನು ಕೇಳಿದ್ದ. ಕಾರಖಾನೆಯ ಮರಾಠಿ ಕಾರಕೂನರನ್ನು ಕೇಳಿ, ಅವರ ಪ್ರಶ್ನೆಯನ್ನು ನನಗೆ ತಂದು ಒಪ್ಪಿಸಿದ್ದ: ಅದು ಕೆಟ್ಟರೆ ಜಗಳ ಆಡಲು ಯಾವ ಅಂಗಡಿಗೆ ಹೋಗಬೇಕು? ಡಬ್ಬಿ ಇಲ್ಲ, ಪಾವತಿ ಚೀಟಿ ಇಲ್ಲ, ತೂಕ ಇಲ್ಲ, ಗಾಳಿಗೆ ರೊಕ್ಕ ಕೊಟ್ಟವರನ್ನು ಊರಲ್ಲಿ ಏನೆಂದಾರು? ಇಷ್ಟೆಲ್ಲ ಆದ ಮೇಲೆ ನಾನು ಹಾಗಾದರೆ ಬೇಡವೇ ಬೇಡ ಬಿಡು ಎಂದರೆ, ಬೇಡ ಅಂತ ನಾ ಎಲ್ಲಿ ಅಂದೆ ಎಂದು ಮುನಿಸಿಕೊಳ್ಳುತ್ತಿದ್ದ. ಲಗ್ನಪತ್ರಿಕೆಯವರು ಬಂದು ಕಾಯುತ್ತಿದ್ದರು. ಅವ್ವನ ಅಡಿಗೆಮನೆಯಲ್ಲಿ ಗಡಿಗೆ ಇಡಲು ಜಾಗ ಉಳಿದಿರಲಿಲ್ಲ.

ದುಡ್ಡಿಗೆ ಹಿಂದೆಗೆಯುವ ಮನುಷ್ಯನಲ್ಲ ಅವನು. ಅದೇ ವರ್ಷ ನನ್ನ ತಮ್ಮನ ಫೀಸು ತಾನೇ ಕಟ್ಟಿದ್ದ. ಸಾವಿರ ರೂಪಾಯಿಯ ಈ ವಸ್ತುವಿಗೆ ಯಾಕೆ ಹೀಗೆ ಹಗ್ಗ ಜಗ್ಗುತ್ತಾನೆ ಎಂದು ನನಗೆ ತಿಳಿಯಲಿಲ್ಲ. ಕೊನೆಗೊಂದು ಭಾನುವಾರ ಅವನು ಮತ್ತೆ ಆಮ್ಯಾಲ ಒತ್ತು ಎಂದಾಗ ನನ್ನ ತಾಳ್ಮೆ ಹರಿಯಿತು. ಮರುದಿನವೇ ಕ್ಯಾಂಪಿನಲ್ಲಿದ್ದ ಒಬ್ಬ ಮಿಲಿಟರಿ ಅಧಿಕಾರಿಯ ಹೆಂಡತಿಯ ಮನೆಗೆ ಹೋದೆ. ಅವರ ಮಗಳ ಮದುವೆಯ ಪತ್ರಿಕೆ ನಾನೇ ಮಾಡಿದ್ದೆ, ಅವರಲ್ಲಿ ಹೊರದೇಶಕ್ಕೂ ನಡೆಯುವ ಕ್ರೆಡಿಟ್ ಕಾರ್ಡ್ ಇತ್ತು. ನೋಟು ಅವರ ಕೈಗಿಟ್ಟು ಪೂರ್ಣ ಆವೃತ್ತಿ ಕೊಂಡುಬಿಟ್ಟೆ. ಹಲಸಿಯ ಕ್ಯಾಸೆಟ್ಟನ್ನು ಮತ್ತೊಮ್ಮೆ ತುಂಬಿಕೊಂಡೆ. ಅವತ್ತು ಮನೆಯಲ್ಲಿ ನಾನೊಬ್ಬಳೇ. ತಾಳ ಹೊಸ ಪಾತ್ರೆಯಂತೆ ಖಣಖಣ ಎಂದಿತು. ನಾನು ಎಂದೂ ಸರಿಯಾಗಿ ನೋಡದ ಅಜ್ಜ ಎದುರಿಗೆ ಕೂತು ಬಾರಿಸುತ್ತಿದ್ದಾನೆ ಎನಿಸಿ ಕಣ್ಣು ತುಂಬಿತು.

ಭಾನುವಾರ ಮಾಮಾ ಬಂದ. ಕೊಂಡುಬಿಟ್ಟಿದ್ದೇನೆ, ಇನ್ನು ಪಂಚಾಯಿತಿ ಸಾಕು, ಸುಮ್ಮನೆ ಕೂತು ಕೇಳು ಎಂದೆ. ಅವನು ಖುಷಿಪಡುತ್ತಾನೆ ಎಂದು ಕಾದಿದ್ದೆ. ಅವನು ಗಡಿಗೆಯನ್ನು ನೆಲಕ್ಕಿಡುವುದನ್ನೂ ಮರೆತು ನಿಂತುಬಿಟ್ಟ. ಆಮೇಲೆ ಮೆಲ್ಲಗೆ ಕುರ್ಚಿಯಲ್ಲಿ ಕೂತು, ಹಚ್ಚು ಎಂಬಂತೆ ಕೈ ಮಾಡಿದ. ಹಚ್ಚಿದೆ. ನಾನು ಪರದೆಯನ್ನು ನೋಡುತ್ತಿರಲಿಲ್ಲ, ಹಾಡಿನ ಕಡೆ ಕಿವಿಯೂ ಇರಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದೆ. ಅವನು ಕಣ್ಣು ಮುಚ್ಚಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಮೊಣಕಾಲ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕೂತ.

ಅಡಿಗೆಮನೆಯಿಂದ ಅವ್ವ, "ಏನ ಬದಲ ಆಗೇತಿ? ಅದ ಮಬ್ಬ ಐತಲ್ಲ" ಎಂದಳು.

ನಾನು ರೇಗಿದೆ. ಹಾಡಿನ ಅಬ್ಬರದಲ್ಲಿ, ಅವ್ವ ಹೇಳಿದ್ದನ್ನು ಮಾಮಾನ ಕಿವಿಯ ಹತ್ತಿರ ಬಾಯಿಟ್ಟು ಹೇಳಿ, ನೀನೇ ಉತ್ತರ ಕೊಡು ಎಂದೆ.

"ಆಕಿಗೇನ ತಿಳೀತೈತಿ," ಎಂದ ಮಾಮಾ. "ಈಗ ಚಲೋ ಕೇಳತೈತಿ ನೋಡು. ನಮ್ಮಪ್ಪನ ತಾಳ ಖಣ್ ಅಂತಾವ. ನಿನ್ನ ರೊಕ್ಕ ದಂಡ ಆಗಿಲ್ಲ, ಮಾಳವ್ವಾ."

ಗೆದ್ದೆ ಎಂದುಕೊಂಡೆ. ಗೆದ್ದವಳು ಸುಮ್ಮನಿರಬೇಕಲ್ಲ, ಇಷ್ಟಕ್ಕೆ ಒಂದು ವರ್ಷ ಯಾಕೆ ಸತಾಯಿಸಿದೆ ಎಂದು ಅವನು ಊಟ ಮುಗಿಸಿ ಬಸ್ಸಿಗೆ ಹೊರಡುವವರೆಗೆ ಬೈದೆ.

ಅವನು ಹೋದ ಮೇಲೆ ಕಂಪ್ಯೂಟರಿನ ಮುಂದೆ ಕೂತು ನೋಡಿದೆ. ಪಟ್ಟಿಯಲ್ಲಿ ಹಲಸಿ ಭಜನೆ ಎಂಬ ಹೆಸರು ಎರಡು ಸಲ ಇತ್ತು, ಹಳೆಯದು ಮೇಲೆ, ಹೊಸದು ಕೆಳಗೆ. ಗಡಿಬಿಡಿಯಲ್ಲಿ ನಾನು ಹಚ್ಚಿದ್ದು ಮೇಲಿನದನ್ನು. ವರ್ಷಪೂರ್ತಿ ತಾಳವೇ ಇಲ್ಲ ಎಂದು ಅವನು ಹೇಳುತ್ತ ಬಂದಿದ್ದ ಅದೇ ಪುಕ್ಕಟೆಯ ಮಬ್ಬು ಹಾಡು ಅದು.

ಅವ್ವನಿಗೆ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸದೆ, "ಅವಗ ಕಿವಿ ಹೋಗಿ ಎರಡ ವರ್ಷ ಆಗಿರಬೇಕು. ಅವ ಹೇಳಲಿಲ್ಲ, ನಾ ಕೇಳಲಿಲ್ಲ" ಎಂದಳು.

ಆಗ ಒಂದೊಂದೇ ಹೊಂದಿಕೊಂಡಿತು. ಮಾಮಾನ ಹೆಂಡತಿ, ನಮ್ಮ ಅತ್ತೆ, ಯಾವಾಗಲೂ ಅವನ ಮೇಲೆ ಒದರುತ್ತಾಳೆ, ಬಾಯಿ ಜೋರು ಎಂದುಕೊಂಡಿದ್ದೆ. ಮೊದಲು ಟೇಪಿನದು ತಪ್ಪು ಎಂದಿದ್ದ, ಆಮೇಲೆ ಪುಕ್ಕಟೆ ಸಾಫ್ಟ್‌ವೇರಿನದು. ಕೊಳ್ಳದೆ ಇರುವವರೆಗೆ ತಪ್ಪು ಅದರದೇ. ಕೊಂಡ ಮೇಲೂ ತಾಳ ಕೇಳದಿದ್ದರೆ ತಪ್ಪು ಹೊರಿಸಲು ಇನ್ನೇನೂ ಉಳಿಯುವುದಿಲ್ಲ, ಅಪ್ಪನ ತಾಳ ಅವನ ಪಾಲಿಗೆ ಮುಗಿದಂತೆಯೇ. ಅದಕ್ಕೇ ಆಮ್ಯಾಲ, ಆಮ್ಯಾಲ ಎಂದು ಒಂದು ವರ್ಷ ದೂಡಿದ್ದ. ನಾನು ಸಿಟ್ಟಿನಲ್ಲಿ ಸಾವಿರ ರೂಪಾಯಿ ಕೊಟ್ಟು ಆ ನೆಪವನ್ನೂ ಕಿತ್ತುಕೊಂಡೆ. ನನ್ನ ಮೇಲೆ ನನಗೆ ಹೇಸಿಕೆಯಾಯಿತು.

ಮುಂದಿನ ಭಾನುವಾರ ಅವನು ಬರಲಿಲ್ಲ, ಅದರ ಮುಂದಿನದೂ ಇಲ್ಲ. ಮೂರನೆಯ ವಾರ ನಾನೇ ಖಾನಾಪುರಕ್ಕೆ ಹೋದೆ. ಮಾಮಾ ಹಿತ್ತಲಿನಲ್ಲಿ ಹಳೆಯ ಹಂಚುಗಳ ರಾಶಿಯ ಮುಂದೆ ಕೂತಿದ್ದ, ದನದ ಕೊಟ್ಟಿಗೆಯ ಮಾಡಿಗೆ ಆರಿಸಬೇಕಿತ್ತಂತೆ. ಒಂದು ಹಂಚನ್ನು ಎತ್ತಿ ಬಡಿದ. ಮತ್ತೆ ಬಡಿದ. ಮತ್ತೂ ಒಮ್ಮೆ ಬಡಿದು, ಎತ್ತ ಇಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದೇ ಕೂತ. ಎಡಕ್ಕೂ ಬಲಕ್ಕೂ ಒಂದೂ ಹಂಚಿರಲಿಲ್ಲ.

ನನ್ನನ್ನು ಕಂಡು ಹಂಚನ್ನು ಕೆಳಗಿಟ್ಟ. ನಾನು ಬಾಜೂ ಹೋಗಿ ಕೂತೆ. ಭಜನೆಯ ಮಾತು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅವನು ಅದೇ ಹಂಚನ್ನು ನನ್ನ ಕೈಗೆ ಕೊಟ್ಟು, "ನೀ ಹೇಳು" ಎಂದ.

ಬಡಿದೆ. ಬದ್ ಎಂದಿತು. ಚಲೋ ಐತಿ ಎಂದುಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಅವನ ಮುಂದೆ ನಾಲಿಗೆ ಏಳಲಿಲ್ಲ. "ಒಡಕ ಐತಿ, ಮಾಮಾ" ಎಂದೆ, ಅವನಿಗೆ ಕೇಳುವಷ್ಟು ಗಟ್ಟಿಯಾಗಿ. ತಲೆಯಾಡಿಸಿ ಎಡಕ್ಕೆ ಇಟ್ಟ. ಇನ್ನೊಂದು ಕೊಟ್ಟ. ಸಂಜೆಯ ಬಸ್ಸಿನ ಹೊತ್ತಿನವರೆಗೆ ನಾನು ಬಡಿದು ಹೇಳಿದೆ, ಅವನು ಇಟ್ಟ. ಒಂದು ಸಲವೂ ನಾನು ಹೇಳಿದ್ದನ್ನು ಮತ್ತೆ ಬಡಿದು ನೋಡಲಿಲ್ಲ. ಅವನ ಜೊತೆ ನಾನು ಕೂತದ್ದು ಅದೇ ಕೊನೆ. ಎರಡು ತಿಂಗಳಲ್ಲಿ ಎದೆನೋವು ಬಂದು ತೀರಿಕೊಂಡ.

ಈಗ ಎಷ್ಟೋ ಕಂಪ್ಯೂಟರ್ ಬದಲಾಗಿವೆ, ಹಲಸಿಯ ಭಜನೆ ಮಾತ್ರ ಎಲ್ಲ ಕಡೆ ನನ್ನ ಜೊತೆ ಬಂದಿದೆ. ಎರಡೂ ಇವೆ, ಖಣ್ ಎನ್ನುವುದೂ ಮಬ್ಬಾದದ್ದೂ. ಒಂದೇ ಹಾಡು ಎರಡೆರಡು ಯಾಕೆ, ಕೆಟ್ಟದ್ದನ್ನು ತೆಗೆದುಹಾಕು ಎಂದು ನನ್ನ ಮಗ ಹೇಳುತ್ತಿರುತ್ತಾನೆ. ಮೂವತ್ತು ವರ್ಷ ಹಂಚು ಬಡಿದವನು, ಒಡಕನ್ನು ಚಲೋ ಎನ್ನಲಾರದೆ ಮಣ್ಣು ಹೊತ್ತವನು, ನನ್ನ ರೊಕ್ಕ ದಂಡವಾಗಬಾರದೆಂದು ಚಲೋ ಐತಿ ಎಂದು ಹೇಳಿದ ಒಡಕು ಅದೊಂದೇ. ಅದನ್ನು ಎಡಗಡೆಯ ರಾಶಿಗೆ ಹಾಕಲು ನನಗೆ ಕೈ ಬಂದಿಲ್ಲ.